ಅತ್ತೆಯ ಪೆನ್ಶನ್, ನವೆಂಬರ್ ಕರೆಗಳು ಮತ್ತು ಜೀವನ್ ಪ್ರಮಾಣ್ ಆ್ಯಪ್

ಪೆನ್ಶನ್ ಪಡೆಯುವವರು ತಾವು ಬದುಕಿದ್ದೇವೆ ಅಂತ ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ನವೆಂಬರ್‌ನಲ್ಲಿ, ಲೈಫ್ ಸರ್ಟಿಫಿಕೇಟ್ ಕೊಡಬೇಕು. ಅದನ್ನು ಮನೆಯಲ್ಲೇ ಫೋನಿಗೆ ಮುಖ ತೋರಿಸಿ ಮಾಡುವ ಜೀವನ್ ಪ್ರಮಾಣ್ ಫೇಸ್ ಆ್ಯಪ್ ಬಗ್ಗೆ ಮಾತಾಡುವವರೆಲ್ಲ "ಬ್ಯಾಂಕಿಗೆ ಓಡಾಡುವುದು ತಪ್ಪಿತು" ಅಂತ ಹೊಗಳುತ್ತಾರೆ. ನಿಜ, ತಪ್ಪಿತು. ಆದರೆ ನಾನು ಇದಕ್ಕೆ ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತಿರುವುದು ಬೇರೆ ಕಾರಣಕ್ಕೆ. ಪೆನ್ಶನ್ ಹೆಸರಲ್ಲಿ ಫೋನ್ ಮಾಡಿ ದುಡ್ಡು ಹೊಡೆಯುವವರು ಶುರು ಮಾಡುವುದೇ "ನಿಮ್ಮ ಲೈಫ್ ಸರ್ಟಿಫಿಕೇಟ್ ಬಂದಿಲ್ಲ" ಅನ್ನುವ ಮಾತಿನಿಂದ. ಸರ್ಟಿಫಿಕೇಟ್ ಆಗಿದೆ ಅಂತ ನಮಗೇ ಖಚಿತವಾಗಿ ಗೊತ್ತಿದ್ದರೆ ಅವರ ಮಾತು ಮುಂದೆ ಹೋಗುವುದಿಲ್ಲ. ಫೌಜಿಗಳ ಮನೆಯವರು ಈ ಆ್ಯಪ್ ಕಲಿಯಬೇಕಾದದ್ದು ಇದಕ್ಕೇ ಅಂತ ನನ್ನ ಅಭಿಪ್ರಾಯ.

ನಮ್ಮದು ಕೊಪ್ಪಳದ ಪಕ್ಕದ ಭಾಗ್ಯನಗರ. ಮಾವ ಸೇನೆಯಲ್ಲಿ ನಾಯಕ್ ಆಗಿ ನಿವೃತ್ತರಾದವರು, ಈಗಿಲ್ಲ. ಅತ್ತೆಗೆ ಫ್ಯಾಮಿಲಿ ಪೆನ್ಶನ್ ಬರುತ್ತದೆ. ನನ್ನ ಗಂಡನೂ ಸೇನೆಯಲ್ಲೇ ಇದ್ದಾರೆ. ಎಲ್ಲಿ, ಯಾವ ಯೂನಿಟ್ ಅಂತ ಬರೆಯುವುದಿಲ್ಲ, ಯಾಕೆ ಅಂತ ಆಮೇಲೆ ಹೇಳುತ್ತೇನೆ. ಹಾಗಾಗಿ ಮನೆಯ ಕಾಗದಪತ್ರ, ಪಾಸ್‌ಬುಕ್, ಒಟಿಪಿ ಎಲ್ಲಾ ನನ್ನ ತಲೆಗೇ. ಫೌಜಿ ಮನೆಯ ಹೆಂಗಸರಿಗೆ ಇದೇನು ಹೊಸದಲ್ಲ ಬಿಡಿ.

ಮೊದಲು ಪೆನ್ಶನ್ ಅಂದರೆ ಬ್ಯಾಂಕು. ಕೌಂಟರ್‌ನಲ್ಲಿ ಕೂತವರಿಗೆ ಅತ್ತೆಯ ಮುಖ ಗೊತ್ತಿತ್ತು, ಅತ್ತೆಗೆ ಅವರ ಮುಖ ಗೊತ್ತಿತ್ತು. 2021ರಿಂದ ಈಚೆಗೆ ಸೇನೆಯ ಪೆನ್ಶನ್‌ಗಳು ಒಂದೊಂದಾಗಿ ಸ್ಪರ್ಶ್ ಅನ್ನುವ ಆನ್‌ಲೈನ್ ವ್ಯವಸ್ಥೆಗೆ ಬಂದವು. ಪ್ರಯಾಗರಾಜ್‌ನಲ್ಲಿರುವ ಪಿಸಿಡಿಎ ಪೆನ್ಶನ್ಸ್ ಕಚೇರಿ ಅದನ್ನು ನಡೆಸುತ್ತದೆ, ದುಡ್ಡು ನೇರ ಖಾತೆಗೆ ಬೀಳುತ್ತದೆ. ದುಡ್ಡು ಸರಿಯಾಗೇ ಬರುತ್ತಿದೆ. ಆದರೆ ಪ್ರಯಾಗರಾಜ್ ಕಚೇರಿಯವರ ಮುಖವನ್ನು ಭಾಗ್ಯನಗರದಲ್ಲಿ ಯಾರು ನೋಡಿದ್ದಾರೆ? ಯಾರೂ ನೋಡಿಲ್ಲ. ಹಾಗಾಗಿ ಯಾರು ಬೇಕಾದರೂ ಫೋನ್ ಮಾಡಿ "ನಾನು ಸ್ಪರ್ಶ್‌ನಿಂದ" ಅನ್ನಬಹುದು.

ನಮ್ಮ ಮನೆಗೂ ಆ ಫೋನ್ ಬಂತು. ಅತ್ತೆ ಹಜಾರದಿಂದಲೇ ಕೂಗಿದರು: "ಯವ್ವಾ, ಲಗೂನ ಬಾ. ಪಿಂಚಣಿ ನಿಂತು ಹೋಗತೈತಂತ."

ಆ ಕಡೆಯವನು "ಜೈ ಹಿಂದ್, ಮಾತಾಜಿ" ಅಂತ ಶುರು ಮಾಡಿದ್ದನಂತೆ. ಅತ್ತೆ ಮಾವನ ಜೊತೆ ಫ್ಯಾಮಿಲಿ ಕ್ವಾರ್ಟರ್ಸ್‌ನಲ್ಲಿ ಇದ್ದವರು, ಹಿಂದಿ ಚೆನ್ನಾಗಿ ಬರುತ್ತದೆ. ಜೈ ಹಿಂದ್ ಅಂದವರಿಗೆ ಈಗಲೂ ಎದ್ದು ನಿಂತು ಮಾತಾಡುತ್ತಾರೆ. ಅದಕ್ಕಿಂತ ಜಾಸ್ತಿ ಅವರನ್ನು ನಂಬಿಸಿದ್ದು ಇನ್ನೊಂದು ಸಂಗತಿ. ಆತನಿಗೆ ಮಾವನ ಹೆಸರು, ರ‍್ಯಾಂಕ್, ನಿವೃತ್ತಿಯಾದ ವರ್ಷ, ಪಿಪಿಒ ನಂಬರ್ ಎಲ್ಲಾ ಗೊತ್ತಿತ್ತು! "ಇಷ್ಟೆಲ್ಲ ಗೊತ್ತೈತಿ ಅಂದ್ರ ಆಫೀಸಿನಾವನ ಇರಬೇಕು" ಅಂತ ಅತ್ತೆಯ ಲೆಕ್ಕ. ಪಿಪಿಒ ಅಂದರೆ ಪೆನ್ಶನ್ ಮಂಜೂರಾದ ಆದೇಶ. ಅದರ ಝೆರಾಕ್ಸ್ ಈ ಊರಿನಲ್ಲಿ ಎಷ್ಟು ಅಂಗಡಿ, ಎಷ್ಟು ಟೇಬಲ್ ಮೇಲೆ ಬಿದ್ದಿದೆಯೋ ದೇವರಿಗೇ ಗೊತ್ತು. ನಂಬರ್ ಗೊತ್ತಿರುವುದು ಯಾವ ಆಫೀಸಿನ ಗುರುತೂ ಅಲ್ಲ.

ನಾನು ಫೋನ್ ತೆಗೆದುಕೊಂಡೆ. ಲೈಫ್ ಸರ್ಟಿಫಿಕೇಟ್ ಪೆಂಡಿಂಗ್ ಇದೆ, ಇವತ್ತು ಸಂಜೆಯೊಳಗೆ ಆಗದಿದ್ದರೆ ಪೆನ್ಶನ್ ಬಂದ್, ವಾಟ್ಸಾಪ್‌ಗೆ ಒಂದು ಫೈಲ್ ಕಳಿಸುತ್ತೇನೆ, ಇನ್‌ಸ್ಟಾಲ್ ಮಾಡಿ ಅಂದ. "ನಮ್ಮದು ಆಗಿದೆಯಲ್ಲ" ಅಂದೆ. ಒಂದು ಕ್ಷಣ ಸುಮ್ಮನಾದ. ಆಮೇಲೆ ಒಆರ್‌ಒಪಿ, ಅಂದರೆ ಒಂದೇ ರ‍್ಯಾಂಕಿಗೆ ಒಂದೇ ಪೆನ್ಶನ್ ಯೋಜನೆಯ ಬಾಕಿ ಬರುವುದಿದೆ, ಅದಕ್ಕೆ ವೆರಿಫಿಕೇಶನ್ ಅಂತ ರಾಗ ಬದಲಿಸಿದ. "ನಾನು ಸ್ಪರ್ಶ್‌ನಲ್ಲಿ ಲಾಗಿನ್ ಆಗಿ ನೋಡಿಕೊಳ್ಳುತ್ತೇನೆ" ಅಂದಕೂಡಲೇ ಫೋನ್ ಕಟ್. ಸರ್ಟಿಫಿಕೇಟ್ ಆಗಿರದಿದ್ದರೆ ನಾನೂ ಸ್ವಲ್ಪ ಅಳುಕುತ್ತಿದ್ದೆನೇನೋ.

ಆ ವಾಟ್ಸಾಪ್ ಫೈಲ್ ಬಂದೇ ಬಂತು. ಹೆಸರಿನ ಕೊನೆಯಲ್ಲಿ ಎಪಿಕೆ ಅಂತ ಇತ್ತು. ಎಪಿಕೆ ಅಂದರೆ ಪ್ಲೇ ಸ್ಟೋರ್ ಬಿಟ್ಟು ಹೊರಗಿನಿಂದ ಫೋನಿಗೆ ಇಳಿಸುವ ಆ್ಯಪ್. ಅದನ್ನು ಹಾಕಿಕೊಂಡು, ಅದು ಕೇಳಿದ ಪರ್ಮಿಶನ್‌ಗೆಲ್ಲ ಹೂಂ ಅಂದರೆ ನಿಮ್ಮ ಎಸ್ಎಂಎಸ್ ಅವರೂ ಓದುತ್ತಾರೆ. ಒಟಿಪಿಯನ್ನು ಬಾಯಿಬಿಟ್ಟು ಹೇಳುವ ಕೆಲಸವೂ ಉಳಿಯುವುದಿಲ್ಲ. ಟ್ರಾಫಿಕ್ ಚಲನ್, ಮದುವೆ ಕಾರ್ಡು ಅಂತ ಬರುವುದೂ ಇದೇ ಸರಕು.

ಈಗ ಆ್ಯಪ್ ವಿಷಯಕ್ಕೆ ಬರುತ್ತೇನೆ. ಜೀವನ್ ಪ್ರಮಾಣ್ 2014ರ ನವೆಂಬರ್‌ನಲ್ಲಿ ಶುರುವಾದದ್ದು. ಆಗ ಬೆರಳು ಒತ್ತುವ ಅಥವಾ ಕಣ್ಣು ತೋರಿಸುವ ಮಷಿನ್ ಬೇಕಿತ್ತು. 2021ರ ನವೆಂಬರ್‌ನಲ್ಲಿ ಮುಖ ತೋರಿಸಿದರೆ ಸಾಕು ಅನ್ನುವ ವ್ಯವಸ್ಥೆ ಬಂತು. ನಮ್ಮ ಅತ್ತೆಯಂಥವರಿಗೆ ಇದು ದೊಡ್ಡ ಉಪಕಾರ. ಮದುವೆಗೆ ಮುಂಚೆ ಮಗ್ಗದ ಕೆಲಸ, ಆಮೇಲೆ ಹೊಲದ ಕೆಲಸ. ಹೆಬ್ಬೆಟ್ಟಿನ ಗೆರೆಗಳೆಲ್ಲ ಸವೆದು ಹೋಗಿವೆ. ಮಷಿನ್ ಮೇಲೆ ಎಷ್ಟು ಒತ್ತಿದರೂ ಕೆಂಪು ದೀಪ. ಒಮ್ಮೆಯಂತೂ ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚಿ, ಒರೆಸಿ, ಮತ್ತೆ ಒತ್ತಿ ನೋಡಿದ್ದರು.

ಫೋನಿನಲ್ಲಿ ಎರಡು ಆ್ಯಪ್ ಬೇಕು. ಒಂದು ಜೀವನ್ ಪ್ರಮಾಣ್, ಇನ್ನೊಂದು ಆಧಾರ್ ಫೇಸ್ ಆರ್‌ಡಿ. ಎರಡನೆಯದು ಆಧಾರ್ ಕೊಡುವ ಯುಐಡಿಎಐದು. ಇನ್‌ಸ್ಟಾಲ್ ಆದಮೇಲೆ ತೆರೆಯಲು ಏನೂ ಸಿಗದೆ ಇದೇನೋ ನಕಲಿ ಅಂತ ತೆಗೆದುಹಾಕುವವರಿದ್ದಾರೆ. ತೆಗೆಯಬೇಡಿ, ಮುಖ ನೋಡುವ ಕೆಲಸ ಅದರದ್ದೇ. ಪ್ಲೇ ಸ್ಟೋರ್‌ನಲ್ಲಿ ಸುಮ್ನೆ ಹೆಸರು ಹೊಡೆದು ಮೊದಲು ಕಂಡದ್ದನ್ನು ಹಾಕಿಕೊಳ್ಳುವ ಬದಲು, ಜೀವನ್ ಪ್ರಮಾಣ್ ಡಾಟ್ ಗವ್ ಡಾಟ್ ಇನ್ ಅನ್ನುವ ಸರ್ಕಾರಿ ವಿಳಾಸದಿಂದ ಹೋಗುವುದು ಒಳ್ಳೆಯದು. ವಿಳಾಸವನ್ನು ಕೈಯಿಂದಲೇ ಟೈಪ್ ಮಾಡಿ. ಯಾರೋ ಕಳಿಸಿದ ಲಿಂಕ್ ಬೇಡ.

ಮೊದಲು ಆಪರೇಟರ್, ಅಂದರೆ ಪೆನ್ಶನರ್ ಪರವಾಗಿ ಆ್ಯಪ್ ನಡೆಸುವವರ ನೋಂದಣಿ. ನಮ್ಮ ಮನೆಯಲ್ಲಿ ಆಪರೇಟರ್ ನಾನೇ. ನನ್ನ ಆಧಾರ್, ಮೊಬೈಲ್, ಇ-ಮೇಲ್ ಕೊಟ್ಟು, ಒಟಿಪಿ ಹಾಕಿ, ನನ್ನ ಮುಖ ತೋರಿಸಬೇಕು. ಆಮೇಲೆ ಪೆನ್ಶನರ್ ಸರದಿ. ಅತ್ತೆಯ ಆಧಾರ್, ಮೊಬೈಲ್, ಒಟಿಪಿ, ಪಿಪಿಒ ನಂಬರ್, ಖಾತೆ ನಂಬರ್. ಸರ್ವಿಸ್ ಪೆನ್ಶನ್ನೋ ಫ್ಯಾಮಿಲಿ ಪೆನ್ಶನ್ನೋ, ಮರುಮದುವೆ ಆಗಿದೆಯೋ, ಮತ್ತೆ ಕೆಲಸಕ್ಕೆ ಸೇರಿದ್ದೀರೋ ಅನ್ನುವ ಪ್ರಶ್ನೆಗಳು. ಮರುಮದುವೆ ಪ್ರಶ್ನೆ ಓದಿ ಹೇಳಿದಾಗ ಅತ್ತೆ, "ಈ ವಯಸ್ಸಿನ್ಯಾಗ ಯಾರ್ ಬರ್ತಾರ ಕೇಳು ಅದಕ್ಕ" ಅಂದರು.

ಎಡವುವುದು ಮುಂದಿನ ಪಟ್ಟಿಯಲ್ಲಿ. ಪೆನ್ಶನ್ ಮಂಜೂರು ಮಾಡಿದವರು ಯಾರು, ಕೊಡುವವರು ಯಾರು ಅಂತ ಆರಿಸಬೇಕು. ಇಂಗ್ಲಿಷಿನ ಉದ್ದನೆಯ ಪಟ್ಟಿ ಅದು. ಭೂಸೇನೆಯವರಾಗಿದ್ದು ಸ್ಪರ್ಶ್‌ಗೆ ಬಂದಿದ್ದರೆ ಮಂಜೂರು ಮಾಡಿದವರು ಡಿಫೆನ್ಸ್ ಪಿಸಿಡಿಎ ಪಿ ಅಲಹಾಬಾದ್, ಕೊಡುವವರು ಸ್ಪರ್ಶ್ ಪಿಸಿಡಿಎ ಪೆನ್ಶನ್ಸ್ ಅಲಹಾಬಾದ್. ಊರಿನ ಹೆಸರು ಪ್ರಯಾಗರಾಜ್ ಆದರೂ ಪಟ್ಟಿಯಲ್ಲಿ ಹಳೆಯ ಹೆಸರನ್ನೇ ಹುಡುಕಿ. ನೌಕಾಪಡೆ, ವಾಯುಪಡೆಗೆ ಮಂಜೂರಾತಿ ಕಚೇರಿ ಬೇರೆ. ಹಳೆ ಅಭ್ಯಾಸದಲ್ಲಿ ಬ್ಯಾಂಕ್ ಹೆಸರು ಒತ್ತಿಬಿಟ್ಟರೆ ಸರ್ಟಿಫಿಕೇಟ್ ತಪ್ಪು ಬಾಗಿಲಿಗೆ ಹೋಗುತ್ತದೆ. "ನಾವು ಮಾಡಿದ್ದೇವಲ್ಲ, ಮತ್ತೆ ಯಾಕೆ ಪೆಂಡಿಂಗ್" ಅನ್ನುವ ಗೊಂದಲ ಹುಟ್ಟುವುದು ಇಲ್ಲಿಂದಲೇ. ಆ ಗೊಂದಲದಲ್ಲಿರುವವರಿಗೆ ಮೋಸದ ಫೋನ್ ಬಂದರೆ ಕಥೆ ಮುಗಿಯಿತು.

ಕೊನೆಗೆ ಮುಖ. ಕ್ಯಾಮೆರಾ ನೋಡಿ ಕಣ್ಣು ಮಿಟುಕಿಸಬೇಕು. ಅತ್ತೆ ಫೋಟೋ ಅಂದರೆ ಉಸಿರು ಬಿಗಿಹಿಡಿದು, ಕಣ್ಣು ಅಗಲ ಮಾಡಿ ಕೂರುವವರು. ಮಿಟುಕಿಸಿ ಅಂದರೆ ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು "ಆತೇನು?" ಅಂತ ಕೇಳುತ್ತಿದ್ದರು. ಒಳಗೆ ಟ್ಯೂಬ್‌ಲೈಟ್ ಬೆನ್ನಿಗೆ ಬೀಳುತ್ತಿತ್ತು. ಅಂಗಳದಲ್ಲಿ ಕುರ್ಚಿ ಹಾಕಿ, ಕನ್ನಡಕ ತೆಗೆಸಿ, ತಲೆಯ ಮೇಲಿನ ಸೆರಗು ಸರಿಸಿದ ಮೇಲೆ ಸಲೀಸಾಗಿ ಆಯಿತು. ಬೆಳಗಿನ ಬೆಳಕಿನಲ್ಲಿ ಮಾಡಿ, ಇದಕ್ಕಿಂತ ದೊಡ್ಡ ಉಪಾಯ ಇಲ್ಲ. ಆದಕೂಡಲೇ ಪ್ರಮಾಣ್ ಐಡಿ ಇರುವ ಎಸ್ಎಂಎಸ್ ಬರುತ್ತದೆ. ದುಡ್ಡೇನೂ ಕೊಡಬೇಕಾಗಿಲ್ಲ. ಆ ಎಸ್ಎಂಎಸ್ ಬಂತು ಅಂದಮಾತ್ರಕ್ಕೆ ಮುಗಿಯಿತು ಅಂತಲ್ಲ, ಸ್ಪರ್ಶ್‌ನಲ್ಲಿ ಲಾಗಿನ್ ಆಗಿ ಅಲ್ಲಿಗೆ ತಲುಪಿದೆಯಾ ಅಂತ ನೋಡಿಕೊಳ್ಳಿ. ನಿಮ್ಮ ಮುಂದಿನ ಗಡುವೂ ಅಲ್ಲೇ ಗೊತ್ತಾಗುತ್ತದೆ.

ಗಮನಿಸಿ, ಇಷ್ಟು ಉದ್ದದ ಕೆಲಸದಲ್ಲಿ ಎಟಿಎಂ ಪಿನ್, ಯುಪಿಐ ಪಿನ್, ಬ್ಯಾಂಕ್ ಪಾಸ್‌ವರ್ಡ್ ಯಾವುದನ್ನೂ ಕೇಳುವುದಿಲ್ಲ. ಒಟಿಪಿ ಕೇಳುತ್ತದೆ. ಇಲ್ಲಿ ವಯಸ್ಸಾದವರಿಗೆ ತಲೆ ಕೆಡುತ್ತದೆ. "ಒಟಿಪಿ ಯಾರಿಗೂ ಕೊಡಬಾರದು ಅಂತಿ, ಈಗ ನೀನ ಹಾಕಾಕತ್ತಿ" ಅಂತ ಅತ್ತೆ ನನ್ನನ್ನೇ ಹಿಡಿದುಕೊಂಡರು. ನಾವೇ ತೆರೆದ ಆ್ಯಪ್‌ನಲ್ಲಿ, ನಮ್ಮ ಕೈಯಿಂದ ಒತ್ತುವುದು ಸರಿ, ಫೋನಿನಲ್ಲಿ ಬಾಯಿಬಿಟ್ಟು ಹೇಳುವುದು ತಪ್ಪು ಅಂತ ಹೇಳಿಕೊಟ್ಟೆ. ಇದು ಅವರಿಗೆ ಸರಿಯಾಗಿ ನಾಟಿತು.

ಇನ್ನೊಂದು ವಿಷಯವೂ ಅವರ ಭಯ ಇಳಿಸಿತು. ಲೈಫ್ ಸರ್ಟಿಫಿಕೇಟ್ ತಡವಾಗಿ ಪೆನ್ಶನ್ ನಿಂತರೂ ಆ ದುಡ್ಡು ಮುಳುಗುವುದಿಲ್ಲ. ಸರ್ಟಿಫಿಕೇಟ್ ಕೊಟ್ಟಮೇಲೆ ನಿಂತ ತಿಂಗಳುಗಳ ಬಾಕಿಯೂ ಸೇರಿಯೇ ಬರುತ್ತದೆ. "ಸಂಜೆಯೊಳಗೆ" ಅನ್ನುವ ಗಡಿಬಿಡಿ ಮೋಸಗಾರರದ್ದೇ ಸೃಷ್ಟಿ.

ಬೇರೆ ದಾರಿಗಳೂ ಇವೆ, ಅವನ್ನೂ ನೋಡಿದ್ದೇನೆ. ಆ್ಯಪ್‌ಗೆ ಮುಂಚೆ ನಾವು ಹೋಗುತ್ತಿದ್ದದ್ದು ಒಂದು ಆನ್‌ಲೈನ್ ಸೆಂಟರ್‌ಗೆ. ಹೆಸರು ಬೇಡ. ಅಲ್ಲಿನ ಹುಡುಗ ಒಳ್ಳೆಯವನೇ, ಅತ್ತೆಗೆ ಕುರ್ಚಿ ಕೊಟ್ಟು "ಕುಂದರ್ರಿ ಅಮ್ಮಾರ" ಅನ್ನುತ್ತಿದ್ದ. ಆದರೆ ಟೇಬಲ್ ಮೇಲೆ ಒಂದು ಉದ್ದನೆಯ ರಿಜಿಸ್ಟರ್. ಅದರಲ್ಲಿ ಬಂದವರೆಲ್ಲರ ಹೆಸರು, ಮೊಬೈಲ್, ಯೂಸರ್ ಐಡಿ, ಪಾಸ್‌ವರ್ಡ್ ನೀಲಿ ಪೆನ್ನಿನಲ್ಲಿ ಸಾಲಾಗಿ ಬರೆದಿಟ್ಟಿದ್ದ. ಮುಂದಿನ ವರ್ಷ ಮರೆತರೆ ಅನುಕೂಲ ಆಗಲಿ ಅಂತ! ಸರದಿಯಲ್ಲಿ ಕೂತವರು ಯಾರು ಬೇಕಾದರೂ ಓದಬಹುದಿತ್ತು. ಒಟಿಪಿ ತಡವಾದರೆ ಅಂಗಡಿಯ ಮೊಬೈಲ್ ನಂಬರನ್ನೇ ಹಾಕಿ ಕೆಲಸ ಮುಗಿಸುತ್ತಿದ್ದ. ಆಮೇಲೆ ನಮ್ಮ ಲೆಕ್ಕದ ಮೆಸೇಜು ಯಾರಿಗೆ ಹೋಗುತ್ತದೆ, ನೀವೇ ಯೋಚಿಸಿ. ನಾನು ಮೊದಲು ಮಾಡಿದ ಕೆಲಸ ಸ್ಪರ್ಶ್‌ನ ಪಾಸ್‌ವರ್ಡ್ ಬದಲಿಸಿದ್ದು, ಮೊಬೈಲ್ ನಂಬರ್ ಅತ್ತೆಯದ್ದೇ ಇದೆಯಾ ಅಂತ ನೋಡಿದ್ದು. ಸೆಂಟರ್‌ಗೆ ಹೋಗಲೇಬೇಕಾದವರು ಇಷ್ಟನ್ನಾದರೂ ಮಾಡಿಕೊಳ್ಳಿ.

ಪೋಸ್ಟ್‌ಮನ್ ದಾರಿ ನನಗೆ ಇಷ್ಟ. ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ಕಡೆಯಿಂದ ಪೋಸ್ಟ್‌ಮನ್ನೇ ಮನೆಗೆ ಬಂದು ಲೈಫ್ ಸರ್ಟಿಫಿಕೇಟ್ ಮಾಡಿಕೊಡುತ್ತಾರೆ, 70 ರೂಪಾಯಿ ತೆಗೆದುಕೊಳ್ಳುತ್ತಾರೆ. ಮಾವನ ಜೊತೆಗಾರರಾದ ಹವಾಲ್ದಾರ್ ಕಾಕಾ ಕುಷ್ಟಗಿ ಕಡೆಯ ಹಳ್ಳಿಯಲ್ಲಿದ್ದಾರೆ. ಸ್ಮಾರ್ಟ್‌ಫೋನ್ ಇಲ್ಲ, ಬೇಕೂ ಇಲ್ಲ ಅನ್ನುತ್ತಾರೆ. ಅವರಿಗೆ ಇದೇ ಸರಿ. ದಿನಾ ಕಾಣುವ ಮುಖ, ಕಟ್ಟೆಯ ಮೇಲೆ ಎದುರಿಗೆ ಕೂತು ಮಾಡುವ ಕೆಲಸ. 80 ದಾಟಿದವರು ನವೆಂಬರ್ ತನಕ ಕಾಯಬೇಕಾಗಿಲ್ಲ, ಅಕ್ಟೋಬರ್ 1ರಿಂದಲೇ ಕೊಡಬಹುದು. ಒಂದೇ ಎಚ್ಚರಿಕೆ: ಪೋಸ್ಟ್ ಆಫೀಸ್‌ನಿಂದ ಅಂತ ಮೊದಲೇ ಫೋನ್ ಮಾಡಿ ಒಟಿಪಿ ಕೇಳಿದರೆ ಅದು ಪೋಸ್ಟ್‌ಮನ್ ಅಲ್ಲ.

ಹಾಗಂತ ಈ ಆ್ಯಪ್ ಎಲ್ಲಾ ಮೋಸವನ್ನೂ ತಡೆಯುವುದಿಲ್ಲ. ಫೌಜಿಗಳಿಗೆ ಮೋಸ ಆಗುವಷ್ಟೇ ಫೌಜಿಗಳ ಹೆಸರಲ್ಲೂ ಮೋಸ ಆಗುತ್ತದೆ. ನಮ್ಮ ಓಣಿಯಲ್ಲಿ ಕೂದಲಿನ ವ್ಯಾಪಾರ ಮಾಡುವ ಅಣ್ಣನೊಬ್ಬರಿದ್ದಾರೆ. ಭಾಗ್ಯನಗರ ಅಂದರೆ ಕೂದಲಿನ ವ್ಯಾಪಾರಕ್ಕೆ ಹೆಸರುವಾಸಿ, ಗೊತ್ತಲ್ವಾ. ಮಹಡಿ ಮನೆ ಬಾಡಿಗೆಗಿದೆ ಅಂತ ಆನ್‌ಲೈನ್‌ನಲ್ಲಿ ಹಾಕಿದ್ದರು. ಒಬ್ಬ ಹಿಂದಿಯಲ್ಲಿ ಫೋನ್ ಮಾಡಿ, ತಾನು ಆರ್ಮಿಯವನು, ಕೊಪ್ಪಳಕ್ಕೆ ಟ್ರಾನ್ಸ್‌ಫರ್ ಆಗಿದೆ, ಮನೆ ನೋಡದೆಯೇ ಅಡ್ವಾನ್ಸ್ ಕೊಡುತ್ತೇನೆ ಅಂದನಂತೆ. ಐಡಿ ಕಾರ್ಡ್, ಕ್ಯಾಂಟೀನ್ ಕಾರ್ಡ್, ಯೂನಿಫಾರ್ಮ್ ಹಾಕಿದ ಫೋಟೋ ಎಲ್ಲಾ ಕಳಿಸಿದ. ಆರ್ಮಿ ಖಾತೆಯಿಂದ ದುಡ್ಡು ಬರಬೇಕಾದರೆ ಮೊದಲು ನೀವು ಒಂದು ರೂಪಾಯಿ ಕಳಿಸಬೇಕು, ಆಮೇಲೆ ನಾನು ಕಳಿಸುವ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಬೇಕು ಅಂದ. ಅಣ್ಣ ನನ್ನನ್ನು ಕೇಳಲು ಬಂದರು, ಫೌಜಿ ಮನೆಯವಳು ಅಂತ.

"ಅಣ್ಣಾರ, ಕೊಪ್ಪಳದಾಗ ಯಾವ ಪಲ್ಟನ್ ಐತ್ರಿ ಟ್ರಾನ್ಸ್‌ಫರ್ ಆಗಾಕ?" ಅಂದೆ. ಅವರಿಗೆ ಅಲ್ಲೇ ನಗು ಬಂತು. ಸೇನೆಯವರಿಗೆ ಅಂತ ಬೇರೆ ತರಹದ ಯುಪಿಐ ಇಲ್ಲ. ನಮ್ಮ ಯಜಮಾನರೂ ನಿಮ್ಮ ಹಾಗೇ ದುಡ್ಡು ಕಳಿಸುತ್ತಾರೆ. ದುಡ್ಡು ನಮಗೆ ಬರಬೇಕಾದರೆ ನಾವು ಪಿನ್ ಒತ್ತುವ ಅಗತ್ಯವೇ ಇಲ್ಲ.

ಆ ಫೋಟೋದಲ್ಲಿದ್ದವನು ಯಾರೋ ನಿಜವಾದ ಜವಾನನೇ ಇರಬೇಕು, ಪಾಪ. ಎಲ್ಲೋ ಹಾಕಿದ ಚಿತ್ರ ಕದ್ದು ಹೀಗೆ ಬಳಸುತ್ತಾರೆ. ಅದಕ್ಕೇ ನಾನು ಗಂಡನ ಯೂನಿಫಾರ್ಮ್ ಫೋಟೋ, ರಜೆಯ ದಿನ, ಊರಿನ ಹೆಸರು ಯಾವುದನ್ನೂ ಸ್ಟೇಟಸ್‌ಗೆ ಹಾಕುವುದಿಲ್ಲ. "ನಿಮ್ಮ ಗಂಡನಿಗೆ ಪೆಟ್ಟಾಗಿದೆ, ಆಸ್ಪತ್ರೆಗೆ ದುಡ್ಡು ಹಾಕಿ" ಅಂತ ಫೋನ್ ಮಾಡುವವನಿಗೂ ಇಂಥವೇ ಎರಡು ವಿವರ ಸಾಕು. ಗಡಿಯಲ್ಲಿ ನೆಟ್‌ವರ್ಕ್ ಸಿಗದ ದಿನ ಹಾಗೆ ಫೋನ್ ಬಂದರೆ ಯಾವ ಹೆಂಡತಿ ತಡೆದುಕೊಂಡಾಳು?

ಬೆರಳಿನ ವಿಷಯವನ್ನೂ ಹೇಳಬೇಕು. 2023ರಲ್ಲಿ ನಮ್ಮ ರಾಜ್ಯದಲ್ಲಿ ಆಸ್ತಿ ನೋಂದಣಿ ಪತ್ರಗಳಲ್ಲಿನ ಹೆಬ್ಬೆಟ್ಟಿನ ಗುರುತು ನಕಲು ಮಾಡಿ, ಆಧಾರ್ ಮೂಲಕ ಖಾತೆಯಿಂದ ದುಡ್ಡು ತೆಗೆದ ಪ್ರಕರಣಗಳು ಬಂದವು. ಅದಕ್ಕೆ ಒಟಿಪಿಯೂ ಬೇಕಾಗಿಲ್ಲ, ಆಧಾರ್ ನಂಬರ್, ಬ್ಯಾಂಕ್ ಹೆಸರು, ಬೆರಳು ಸಾಕು. ಹಾಗಾಗಿ ಅತ್ತೆಯ ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿಟ್ಟಿದ್ದೇನೆ. ಲೈಫ್ ಸರ್ಟಿಫಿಕೇಟ್ ಮಾಡುವ ದಿನ ಮಾತ್ರ ತೆರೆಯುತ್ತೇನೆ. ಲಾಕ್ ಇದ್ದರೆ ಮುಖವನ್ನೂ ಒಪ್ಪುವುದಿಲ್ಲ. ಇದು ಗೊತ್ತಿಲ್ಲದೆ ಆ್ಯಪ್ ಕೆಟ್ಟಿದೆ ಅಂತ ಬೈಯುವವರು ಬಹಳ.

ಫೋನ್ ಬಂತು, ದುಡ್ಡು ಹೋಗಿಲ್ಲ ಅಂದರೆ ಟೆಲಿಕಾಂ ಇಲಾಖೆಯ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ಚಕ್ಷು ಅನ್ನುವ ಕಡೆ ಆ ನಂಬರ್ ವರದಿ ಮಾಡಬಹುದು. ನಾನು ಮಾಡಿದೆ. ಅಲ್ಲೇ ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇವೆ ಅಂತಲೂ ನೋಡಬಹುದು. ದುಡ್ಡು ಹೋಗಿದ್ದರೆ ಮಾತ್ರ ಚಕ್ಷು ಹಿಡಿದು ಕೂರಬೇಡಿ. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಹೋದ ದುಡ್ಡು ಖಾತೆಯಿಂದ ಖಾತೆಗೆ ಹಾರುವ ಮುಂಚೆ ತಡೆಹಿಡಿಯುವ ಕೆಲಸ ಅಲ್ಲಿಂದ ಶುರುವಾಗುತ್ತದೆ. ಬ್ಯಾಂಕ್ ಹೆಸರು, ಹೋದ ಮೊತ್ತ, ಟ್ರಾನ್ಸಾಕ್ಷನ್ ನಂಬರ್ ಕೈಯಲ್ಲಿ ಇಟ್ಟುಕೊಂಡು ಮಾಡಿ. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್‌ನಲ್ಲೂ ದೂರು ಕೊಡಬಹುದು. ಜಿಲ್ಲೆಗೊಂದು ಸಿಇಎನ್ ಅನ್ನುವ ಸೈಬರ್ ಅಪರಾಧದ ಪೊಲೀಸ್ ಠಾಣೆ ಇದೆ, ಇಂಥ ಕೇಸು ನೋಡುವುದು ಅವರೇ. ಮಾನ ಹೋಗುತ್ತದೆ ಅಂತ ಮನೆಯಲ್ಲೇ ಮುಚ್ಚಿಡುವ ಸುಬೇದಾರ್ ಸಾಹೇಬರುಗಳೂ ಇದ್ದಾರೆ. ಅವರು ಮುಚ್ಚಿಟ್ಟಷ್ಟು ಹೊತ್ತು ಕದ್ದವನಿಗೆ ಲಾಭ.

ಒಂದು ಸ್ಟಾರ್ ಯಾಕೆ ಕಡಿಮೆ? ಇ-ಮೇಲ್ ಇಲ್ಲದ ಅಜ್ಜ ಒಬ್ಬರೇ ಇದ್ದರೆ ಏನು ಮಾಡಬೇಕು? ಆ ಇಂಗ್ಲಿಷ್ ಪಟ್ಟಿಯನ್ನು ಓದಿಕೊಡುವವರು ಯಾರು? ಮನೆಯಲ್ಲಿ ಸೊಸೆಯೋ ಮೊಮ್ಮಗನೋ ಇದ್ದವರಿಗೆ ಆ್ಯಪ್ ಸಲೀಸು. ಇಲ್ಲದವರು ಮತ್ತೆ ಆ ಉದ್ದನೆಯ ರಿಜಿಸ್ಟರ್ ಇರುವ ಟೇಬಲ್ಲಿಗೇ ಹೋಗುತ್ತಾರೆ.

ಇನ್ನು ಪ್ರಿಂಟ್ ವಿಷಯ. ಅತ್ತೆಗೆ ಕೈಯಲ್ಲಿ ಕಾಗದ ಹಿಡಿಯುವವರೆಗೆ ಸಮಾಧಾನ ಇಲ್ಲ. ಪ್ರಮಾಣ್ ಐಡಿ ಹಾಕಿದರೆ ಪಿಡಿಎಫ್ ಸಿಗುತ್ತದೆ, ಅದರಲ್ಲಿ ಹೆಸರು, ಪಿಪಿಒ ನಂಬರ್ ಇರುತ್ತವೆ. ಪ್ರಿಂಟ್ ಅಂಗಡಿಯವರು ವಾಟ್ಸಾಪ್ ಮಾಡಿ ಅನ್ನುತ್ತಾರೆ, ಮಾಡಲೇಬೇಕು. ಪ್ರಿಂಟ್ ಬಂದಮೇಲೆ ನಾನು ಅಲ್ಲೇ ನಿಂತು ಅವರ ವಾಟ್ಸಾಪ್‌ನಿಂದ, ಡೌನ್‌ಲೋಡ್ಸ್‌ನಿಂದ, ಕೊನೆಗೆ ರೀಸೈಕಲ್ ಬಿನ್‌ನಿಂದಲೂ ಡಿಲೀಟ್ ಮಾಡಿಸುತ್ತೇನೆ. ಹಿಂದೆ ಸರದಿಯಲ್ಲಿ ನಿಂತವರು ಗೊಣಗುತ್ತಾರೆ. ಅಂಗಡಿಯ ಹುಡುಗ ಈಗೀಗ ನಾನು ಕೇಳುವ ಮೊದಲೇ ಮಾನಿಟರ್ ನನ್ನ ಕಡೆ ತಿರುಗಿಸಿ, "ನೋಡ್ರಿ ಅಕ್ಕಾರ, ತೆಗೆದೆ" ಅನ್ನುತ್ತಾನೆ.